ನಿಧನ ಪುಟದ ಹಳದಿ ಗೆರೆಗಳು

ಕಳೆದ ವಾರ ಹಲ್ಲುನೋವು ತಡೆಯಲಾರದೆ ಉಡುಪಿಯ ಒಂದು ಕ್ಲಿನಿಕ್ಕಿಗೆ ಹೋದೆ. ಎರಡನೆಯ ಮಾಳಿಗೆಯ ಮೆಟ್ಟಿಲು ಹತ್ತುವಾಗಲೇ ಕಾಲಿಗೆ ಗುರುತು ಸಿಕ್ಕಿತು. ಒಂದು ಕಾಲದಲ್ಲಿ ನಾನು ದಿನವೂ ಹತ್ತಿದ ಮೆಟ್ಟಿಲುಗಳಿವು. ಬಾಗಿಲ ಹೊರಗೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒದ್ದೆ ಕೊಡೆಗಳು ನಿಂತಿದ್ದವು. ಒದ್ದೆ ಬಟ್ಟೆಯ ಮುಗ್ಗಲು ವಾಸನೆ, ಒಳಗಿನ ಇನ್ವರ್ಟರಿನ ಬಿಸಿ ವಾಸನೆ, ಎರಡೂ ಸೇರಿ ಮೂಗಿಗೆ ಬಡಿದವು. ಕೌಂಟರಿನ ಹುಡುಗಿ "ಎಂತ ತೊಂದರೆ ಮೇಡಂ?" ಎಂದು ಎರಡು ಸಲ ಕೇಳಿದಳು. ಹಲ್ಲು ಎನ್ನುವುದು ಬಿಟ್ಟು ನಾನು ಅವಳ ಮೇಜನ್ನೇ ನೋಡುತ್ತಾ ನಿಂತೆ. ಸರಿಯಾಗಿ ಅದೇ ಜಾಗದಲ್ಲಿ ಆಗ ನನ್ನ ಮೇಜಿತ್ತು. ಅಲ್ಲಿ ಕೂತು ಒಂದು ಮಳೆಗಾಲ ಪೂರ್ತಿ ನಾನು ಸತ್ತವರ ಸುದ್ದಿ ಬರೆದಿದ್ದೆ, ಅಳಿಸಬಾರದ್ದನ್ನು ಅಳಿಸಿಯೂ ಇದ್ದೆ.

ಅದೊಂದು ಸಣ್ಣ ಸುದ್ದಿತಾಣ. ಅಚ್ಚಾಗುವ ಪತ್ರಿಕೆಯಲ್ಲ, ಫೋನಿನಲ್ಲಿ ಓದುವಂಥದ್ದು. ಈಗ ಮುಚ್ಚಿಹೋಗಿದೆ. ಸಂಪಾದಕರು, ಮಾಲೀಕರು, ಜಾಹೀರಾತು ತರುವವರು ಎಲ್ಲವೂ ಸದಾಶಿವಣ್ಣ ಒಬ್ಬರೇ. ಕಂಪ್ಯೂಟರಿನ ಉಸಾಬರಿಯೆಲ್ಲ ಬಸವರಾಜನದ್ದು. ಅವನು ಬಾಗಲಕೋಟೆ ಕಡೆಯವನು. ಮಣಿಪಾಲದಲ್ಲಿ ಹಾಸ್ಟೆಲುಗಳು ಏಳುತ್ತಿದ್ದಾಗ ಸೆಂಟ್ರಿಂಗ್ ಕೆಲಸಕ್ಕೆ ಬಂದ ಅವನ ಅಪ್ಪ ಅಲ್ಲೇ ಬಾಡಿಗೆ ಮನೆ ಹಿಡಿದು ನಿಂತುಬಿಟ್ಟಿದ್ದರು. ಮಗ ಇಲ್ಲೇ ಓದಿ ಇಲ್ಲೇ ಕೆಲಸಕ್ಕೆ ಸೇರಿದ್ದ. ಇನ್ನು ನಾನು. ಕಾಪುವಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ಅದಕ್ಕಿಂತ ಮೊದಲು ಎರಡು ಕೆಲಸ ಬಿಟ್ಟಿದ್ದ, ಇಪ್ಪತ್ತೊಂಬತ್ತು ವರ್ಷದ ಮಮತಾ. ನನಗೆ ಸಿನಿಮಾ ಪುಟ ಸಿಗುತ್ತದೆಂಬ ಆಸೆಯಿತ್ತು. ಸಿಕ್ಕಿದ್ದು ನಿಧನ ಪುಟ.

"ಬೇಸರ ಮಾಡ್ಬೇಡ ಮಾರಾಯ್ತಿ," ಎಂದರು ಸದಾಶಿವಣ್ಣ. "ನಮ್ಮ ಜನ ಮುಂಬೈಯಲ್ಲಿರಲಿ, ದುಬೈಯಲ್ಲಿರಲಿ, ಬೆಳಿಗ್ಗೆ ಎದ್ದು ಮೊದಲು ನೋಡುವುದು ಯಾರು ಹೋದರು ಅಂತ. ನಮ್ಮ ಅನ್ನ ಅದರಲ್ಲೇ ಉಂಟು."

ಮಾತು ಸುಳ್ಳಲ್ಲ. ನಿಧನ ಪುಟಕ್ಕೆ ಒಂದು ಅಚ್ಚಿತ್ತು. ಹೆಸರು, ಪ್ರಾಯ, ಊರು, 'ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ'. ಕೊನೆಗೆ 'ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ'. ಆ ಕೊನೆಯ ಸಾಲಿನಲ್ಲಿ ತಪ್ಪಿದರೆ ಮುಗಿಯಿತು. ಮಸ್ಕತ್ತಿನಿಂದ ಒಬ್ಬ, ಥಾಣೆಯಿಂದ ಇನ್ನೊಬ್ಬ, ಫೋನು ಇಳಿಸಲು ಬಿಡುತ್ತಿರಲಿಲ್ಲ. ಈ ಫೋನುಗಳು ಸಾಕಾಗಿಯೇ ಸದಾಶಿವಣ್ಣ ಬಸವರಾಜನ ಹತ್ತಿರ ಒಂದು ಉಪಾಯ ಕೇಳಿದ್ದು. ಅವನು ಎಲ್ಲಿಂದಲೋ ಒಂದು ಸಲಕರಣೆ ತಂದು ನಮ್ಮ ತಾಣಕ್ಕೆ ಹೊಂದಿಸಿದ. ಓದುವವರು ಯಾವ ಸಾಲಿನ ಮೇಲೆ ಬೆರಳಿಟ್ಟು ಎಳೆದರೂ ಆ ಸಾಲು ಹಳದಿಯಾಗುತ್ತಿತ್ತು. ಪಕ್ಕದಲ್ಲೊಂದು ಪಟ್ಟಿ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಬರೆದ ಟಿಪ್ಪಣಿ ಆ ಪುಟ ತೆರೆದವರಿಗೆಲ್ಲ ಕಾಣುತ್ತಿತ್ತು. ಇಮೇಲ್ ಕೊಟ್ಟು ಬರೆದರೆ ಹೆಸರು ಬರುತ್ತಿತ್ತು, ಕೊಡದಿದ್ದರೆ ಬರೇ 'ಓದುಗರು' ಎಂದು.

"ಸಾಲಿ ಪುಸ್ತಕದಾಗ ಪೆನ್ಸಿಲ್ಲಿಲೆ ಗೀಟು ಹೊಡೆದು ಬಾಜೂಕ ಬರೀತಿದ್ವಿ ಅಲ್ರೀ ಮೇಡಂ, ಅದ ಇದು," ಎಂದ ಬಸವರಾಜ. "ಇಲ್ಲೆ ಒಂದ ಪುಸ್ತಕ ಎಲ್ಲಾರೂ ಓದಾಕತ್ತಾರ, ಅಷ್ಟ."

ಮೊದಲ ಎರಡು ವಾರ ನಮಗೆ ಒಳ್ಳೆಯ ಮನರಂಜನೆ. ಕಟಪಾಡಿಯ ರಸ್ತೆಗುಂಡಿಯ ಸುದ್ದಿಗೆ ಮೈತುಂಬ ಹಳದಿ. ಬಂಗುಡೆಯ ದರಕ್ಕೆ ಕತಾರಿನಿಂದ ನಿಟ್ಟುಸಿರು. ನಿಟ್ಟೆಯ ಕಾಲೇಜು ಹುಡುಗರು ಪರೀಕ್ಷೆಯ ಸುದ್ದಿಯ ಅಂಚಿನಲ್ಲಿ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡದ್ದೂ ಉಂಟು. ನಿಧನ ಪುಟದಲ್ಲಿ ಮಾತ್ರ ಕೈಮುಗಿದ ಚಿತ್ರಗಳು, ಆಗೊಮ್ಮೆ ಈಗೊಮ್ಮೆ ತಿದ್ದುಪಡಿ. ಫೋನು ನಿಂತಿತು. ಸದಾಶಿವಣ್ಣ ಖುಷಿಯಲ್ಲಿ ನಮಗೆ ಗೋಳಿಬಜೆ ತರಿಸಿ ತಿನ್ನಿಸಿದರು.

ಜೂನಿನ ಮಳೆ ಗಟ್ಟಿಯಾಗಿ ಹಿಡಿದ ಮೇಲೆ ಅದು ಶುರುವಾಯಿತು. ಒಬ್ಬ ನಿವೃತ್ತ ಮೇಷ್ಟ್ರ ಸುದ್ದಿಯಲ್ಲಿ 'ಇಬ್ಬರು ಪುತ್ರಿಯರು' ಎಂಬಷ್ಟು ಮಾತ್ರ ಹಳದಿಯಾಗಿತ್ತು. ಪಕ್ಕದಲ್ಲಿ ಒಂದೇ ಪದ. "ಮೂವರು." ಬರೆದವರು 'ಓದುಗರು'. ನಾನು ತಿದ್ದುಪಡಿ ಎಂದುಕೊಂಡು ಮನೆಯವರಿಗೆ ಫೋನ್ ಮಾಡಿದೆ. ಮಗಳು ಬೇಸರದಿಂದ, "ನಾವು ಇಬ್ಬರೇ, ಯಾರೋ ತಲೆ ಕೆಟ್ಟವರು ಬರೆದದ್ದು," ಎಂದಳು. ಆಗಲಿ ಎಂದು ಬಿಟ್ಟೆ. ನಾಲ್ಕು ದಿನ ಕಳೆದು ಇನ್ನೊಂದು ಸುದ್ದಿಯಲ್ಲಿ 'ಓರ್ವ ಪುತ್ರ' ಹಳದಿಯಾಯಿತು. "ಇಬ್ಬರು. ಮೊದಲಿನವನು ಮೂರು ದಿನ ಇದ್ದ."

ಈ ಸಲ ಫೋನು ಎತ್ತಿದ್ದು ತೀರಿಕೊಂಡವರ ಹೆಂಡತಿ, ತುಂಬ ಪ್ರಾಯದವರು. ನಾನು ಟಿಪ್ಪಣಿಯನ್ನು ಓದಿ ಹೇಳಿದೆ. ಆ ಕಡೆ ಹಂಚಿನ ಮೇಲೆ ಮಳೆ ಬೀಳುವ ಸದ್ದಿನ ನಡುವೆ ಅವರು ಕೇಳಿದರು.

"ಮಗಾ, ನಿನಗೆ ಇದನ್ನು ಹೇಳಿದ್ದು ಯಾರು?"

"ಇಲ್ಲಿ ಬರೆದದ್ದು ಉಂಟು ಅಮ್ಮ."

"ಬರೀಲಿಕ್ಕೆ ಯಾರಿದ್ದಾರೆ? ಗೊತ್ತಿದ್ದವರು ಎಲ್ಲ ಹೋಗಿ ಆಯ್ತಲ್ಲ. ಇನ್ನು ನಾನೊಬ್ಬಳೇ."

ಅವರು ಫೋನು ಇಟ್ಟರು.

ಆ ಟಿಪ್ಪಣಿಗಳು ಬರುತ್ತಿದ್ದದ್ದು ಮಟಮಟ ಮಧ್ಯಾಹ್ನ. ಹನ್ನೆರಡರಿಂದ ಒಂದರ ಒಳಗೆ. ಸದಾಶಿವಣ್ಣ ಮನೆಗೆ ಊಟಕ್ಕೆ ಹೋಗುತ್ತಿದ್ದರು, ಬಸವರಾಜ ಹೋಟೆಲಿಗೆ, ನಾನೊಬ್ಬಳೇ ಬುತ್ತಿ ಬಿಚ್ಚಿಕೊಂಡು ಕೂರುತ್ತಿದ್ದೆ. ನಮ್ಮ ಊರಲ್ಲಿ ಆ ಹೊತ್ತಿಗೆ ಮಕ್ಕಳನ್ನು ಬಾವಿಕಟ್ಟೆಯ ಕಡೆಗೆ ಬಿಡುವುದಿಲ್ಲ. ಒಂದು ದಿನ ಪುಟ ತೆರೆದಿಟ್ಟು ಅನ್ನಕ್ಕೆ ಸಾರು ಕಲಸುತ್ತಿದ್ದೆ. ಕಣ್ಣೆದುರೇ ಒಂದು ಸಾಲಿನ ಎರಡು ಪದ ನಿಧಾನಕ್ಕೆ ಹಳದಿಯಾಯಿತು. ಯಾರೋ ನನ್ನ ಹೆಗಲ ಮೇಲಿಂದ ಬೆರಳು ಚಾಚಿ ಎಳೆದಂತೆ ಕಂಡಿತು. "ಒಂದು ಹೆಣ್ಣೂ ಇತ್ತು," ಎಂದು ಪಕ್ಕದಲ್ಲಿ ಮೂಡಿತು. ನಾನು ಬುತ್ತಿ ಮುಚ್ಚಿಟ್ಟೆ.

ಬಸವರಾಜ ಬಂದ ಮೇಲೆ ಹೇಳಿದೆ. ಅವನಿಗೆ ಇದರಲ್ಲಿ ಹೆದರುವುದು ಏನಿದೆ ಎಂದೇ ಅರ್ಥವಾಗಲಿಲ್ಲ.

"ನಿಮ್ಮ ಕಡೆ ಹುಟ್ಟಿದ ಕೂಡಲೇ ಮಗು ಸತ್ತರೆ ಎಂತ ಮಾಡ್ತಾರೆ?" ಎಂದು ಕೇಳಿದೆ.

"ಮಣ್ಣು ಮಾಡ್ತಾರ್ರಿ. ಮತ್ತೇನ್ ಮಾಡೂದು?"

"ನಮ್ಮಲ್ಲಿ ಅವು ಬೆಳೆಯುತ್ತವೆ."

ಅವನು ನನ್ನನ್ನು ನೋಡಿದ. ನಾನು ವಿವರಿಸಬೇಕಾಯಿತು. ತುಳುನಾಡಿನಲ್ಲಿ ಸತ್ತ ಮಗು ಸತ್ತ ದಿನದಲ್ಲೇ ನಿಲ್ಲುವುದಿಲ್ಲ. ಬದುಕಿರುವ ತಮ್ಮ ತಂಗಿಯರ ಜೊತೆಗೆ ಅದಕ್ಕೂ ಪ್ರಾಯವಾಗುತ್ತದೆ. ಮದುವೆಯ ವಯಸ್ಸು ಬಂದಾಗ ತನಗೂ ಮದುವೆ ಬೇಕೆಂದು ಕೇಳುತ್ತದೆ. ಮನೆಯ ಬೇರೆ ಮಕ್ಕಳ ಸಂಬಂಧಗಳು ಕೂಡಿಬರುವುದಿಲ್ಲ, ಬಂದದ್ದು ಮುರಿಯುತ್ತದೆ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರೆ 'ನಿಮ್ಮಲ್ಲಿ ಒಂದು ಹೆಣ್ಣು ಕುಲೆ ಉಂಟು' ಎನ್ನುತ್ತಾರೆ. ಕುಲೆ ಎಂದರೆ ಪ್ರೇತ. ಆಗ ಇನ್ನೊಂದು ಮನೆಯ ಸತ್ತ ಗಂಡನ್ನು ಹುಡುಕಿ, ಜಾತಿ ಮತ್ತು ಬಳಿ, ಅಂದರೆ ಗೋತ್ರ, ವಿಚಾರಿಸಿ, ಸೀರೆ ಬಳೆ ಇಟ್ಟು, ಎಲೆ ಹಾಕಿ ಬಡಿಸಿ ಇಬ್ಬರಿಗೂ ಮದುವೆ ಮಾಡುತ್ತಾರೆ. ಇದೆಲ್ಲ ನಡೆಯುವುದು ಆಟಿ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬದುಕಿರುವವರಿಗೆ ಮದುವೆಯಿಲ್ಲದ ಆ ಕತ್ತಲೆ ಮಳೆಯ ತಿಂಗಳಲ್ಲಿ.

"ನೀವು ಇದನ್ನ ನಂಬ್ತೀರೇನ್ರಿ?" ಎಂದ ಬಸವರಾಜ.

ನಾನು ನಂಬುವುದಿಲ್ಲ ಎಂದು ಹೇಳಿಕೊಂಡು ತಿರುಗುವವಳು. ಮಧ್ಯಾಹ್ನ ಒಬ್ಬಳೇ ಕೂತಾಗಿನ ಸಂಗತಿ ಬೇರೆ. ಅವನೂ ಮಾರನೆಯ ದಿನದಿಂದ ಹೋಟೆಲು ಬಿಟ್ಟು ಊಟ ಕಟ್ಟಿಸಿಕೊಂಡು ಬರತೊಡಗಿದ.

ಸದಾಶಿವಣ್ಣನಿಗೆ ಹೇಳಿದಾಗ ಅವರು ಹೆಚ್ಚು ಯೋಚಿಸಲಿಲ್ಲ. "ನಮಗೆ ಯಾರ ಮನೆಯ ಕುಲೆಯೂ ಬೇಡ. ಅಂಥದ್ದು ಬಂದ ಕೂಡಲೇ ಅಳಿಸಿಬಿಡು," ಎಂದರು. ಟಿಪ್ಪಣಿಯ ಮೂಲೆಯಲ್ಲಿ ನಮಗೆ ಮಾತ್ರ ಕಾಣುವ ಸಣ್ಣ ಕಸದ ಬುಟ್ಟಿಯ ಚಿತ್ರವಿತ್ತು. ಒತ್ತಿದರೆ ಟಿಪ್ಪಣಿ ಹೋಗುತ್ತಿತ್ತು. ಒಮ್ಮೆ ಹೋದದ್ದನ್ನು ವಾಪಸು ತರಲು ಬಸವರಾಜನಿಂದಲೂ ಆಗುತ್ತಿರಲಿಲ್ಲ. ಹಳೆಯವನ್ನೂ ಸೇರಿಸಿ ನಾನು ಒತ್ತುತ್ತಾ ಹೋದೆ. ಹೇಳಿದ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನ ಬೇರೆ.

ಆಮೇಲೆ ನಮ್ಮ ಕಾಪುವಿನ ಹತ್ತಿರದ ಎಲ್ಲೂರಿನ ಸುದ್ದಿ ಬಂತು. ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ್ದ ಒಬ್ಬ ಹಿರಿಯರು ತೀರಿಕೊಂಡಿದ್ದರು. 'ಪತ್ನಿ, ಓರ್ವ ಪುತ್ರ, ಓರ್ವ ಪುತ್ರಿ' ಎಂದು ನಾನೇ ಬರೆದೆ. ಮಾರನೆಯ ದಿನ ಜ್ವರವೆಂದು ರಜೆ ಹಾಕಿದೆ. ಅದರ ಮರುದಿನ ಬಂದು ನೋಡಿದರೆ 'ಓರ್ವ ಪುತ್ರಿ' ಹಳದಿಯಾಗಿ ಕೂತಿತ್ತು. "ಇಬ್ಬರು. ದೊಡ್ಡವಳು ಒಬ್ಬಳು ಉಂಟು." ಇಡೀ ಒಂದು ದಿನ ಅದು ಅಲ್ಲಿತ್ತು. ನಾನು ಅಳಿಸಿದೆ. ಅಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದು ವಾಟ್ಸಾಪಿಗೆ ಹಾಕಿಯಾಗಿತ್ತು. ಚಿತ್ರ ನೋಡಿದವರು ನಮ್ಮ ಪುಟ ತೆರೆದು ನೋಡಿದರು. ಅಲ್ಲಿ ಟಿಪ್ಪಣಿ ಇರಲಿಲ್ಲ. ಇದ್ದದ್ದು ಇಲ್ಲವಾಯಿತು ಎಂಬುದೇ ದೊಡ್ಡ ಸುದ್ದಿಯಾಗಿ ಪಡುಬಿದ್ರಿಯಿಂದ ಕಾರ್ಕಳದವರೆಗೆ ಓಡಿತು. ಬರೆದದ್ದು ಮನುಷ್ಯರಲ್ಲ ಎಂದು ಜನ ತೀರ್ಮಾನಿಸಿದರು. ಆ ಪ್ರೇತವನ್ನು ಹುಟ್ಟಿಸಿದ್ದು ನನ್ನ ಬೆರಳು.

ಆಟಿಗೆ ಇನ್ನು ಕೆಲವೇ ದಿನವಿರುವಾಗ ಆ ಮನೆಯ ಮಗ ಸಂತೋಷ್ ಆಫೀಸಿಗೆ ಬಂದ. ಮಸ್ಕತ್ತಿನಲ್ಲಿರುವವನು, ತಂದೆಯ ಕಾರ್ಯಕ್ಕೆಂದು ಬಂದು ನಿಂತಿದ್ದ. ಬೈಯಲು ಬಂದವನೆಂದು ನಾವು ಗಟ್ಟಿಯಾಗಿ ಕೂತಿದ್ದೆವು. ಅವನು ಬೈಯಲಿಲ್ಲ, ಕುರ್ಚಿಯಲ್ಲಿ ಕುಸಿದು ಕೂತ.

"ತಂಗಿಯ ನಿಶ್ಚಿತಾರ್ಥ ಮೇ ತಿಂಗಳಲ್ಲೇ ಆಗಿದೆ. ಅಪ್ಪ ಹೋದ ಮೇಲೆ ವರ್ಷದೊಳಗೆ ಮಾಡ್ಬೇಕು ಅಂತ ಆಟಿ ಕಳೆದ ಕೂಡಲೇ ದಿನ ಇಟ್ಟದ್ದು. ಈಗ ಗಂಡಿನ ಕಡೆಯವರು ಕೇಳ್ತಾರೆ, ನಿಮ್ಮಲ್ಲಿ ದೊಡ್ಡವಳು ಒಬ್ಬಳು ಉಂಟಾ ಅಂತ. ಇದ್ದರೆ ಅವಳದ್ದು ಮೊದಲು ಆಗ್ಬೇಕಂತೆ. ಮುಚ್ಚಿಟ್ಟರೆ ಸಂಬಂಧ ಬೇಡವಂತೆ."

"ನಿಮ್ಮ ಅಮ್ಮನ ಹತ್ತಿರ ಕೇಳಿದಿರಾ?" ಎಂದೆ.

"ಕೇಳಿದೆ. ಅಮ್ಮ ಗೋಡೆಗೆ ಮುಖ ಮಾಡಿ ಮಲಗಿದವರು ಏಳುವುದೇ ಇಲ್ಲ. ಬರೆದವರು ಯಾರೂಂತ ಗೊತ್ತಾದರೆ ಸುಳ್ಳು ಅಂತ ತೋರಿಸ್ಬಹುದಿತ್ತು." ಅವನು ತಗ್ಗಿದ ಸ್ವರದಲ್ಲಿ ಕೇಳಿದ. "ಮನುಷ್ಯರು ಬರೆದದ್ದಾದರೆ ಅದು ತನ್ನಷ್ಟಕ್ಕೆ ಹೋಗುವುದು ಹೇಗೆ ಹೇಳಿ?"

ಆಗಲೇ ನಾನು ಬಾಯಿ ಬಿಡಬೇಕಿತ್ತು. ಸದಾಶಿವಣ್ಣ ನನ್ನನ್ನು ಕಣ್ಣಲ್ಲೇ ತಡೆದು, "ಸಿಸ್ಟಮಿನದ್ದು ಎಂತದೋ ತೊಂದರೆ ಮಾರಾಯ್ರೆ," ಎಂದುಬಿಟ್ಟರು. ನಾನು ಕೀಬೋರ್ಡಿನ ಧೂಳು ಒರೆಸಿದೆ. ಆ ಹೇಡಿತನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬರೆದವರನ್ನು ಹುಡುಕಿಕೊಡುತ್ತೇನೆ ಎಂದಾದರೂ ಹೇಳಿ ಕಳಿಸಿದೆ. ಬಸವರಾಜ ಎರಡು ದಿನ ಕೂತು ಜಾಲಾಡಿದ. ಟಿಪ್ಪಣಿಗಳು ಹೋಗಿದ್ದರೂ ಅವುಗಳಲ್ಲೊಂದು ಬಂದ ಜಾಡು ಉಳಿದಿತ್ತು, ಅದೇ ಸಾಧನದಿಂದ ಯಾರೋ ಮೊದಲೊಮ್ಮೆ ಬೇರೊಂದು ಸುದ್ದಿಗೆ ಇಮೇಲ್ ಕೊಟ್ಟು ಬರೆದಿದ್ದರು. ಆ ಇಮೇಲ್ ನಿಟ್ಟೆಯ ಕಾಲೇಜಿನಲ್ಲಿ ಪ್ರಯೋಗಾಲಯ ನೋಡಿಕೊಳ್ಳುವ ಒಬ್ಬ ಹೆಂಗಸಿನದ್ದು. ಫೋನ್ ಮಾಡಿದರೆ ಅವರು, "ನನಗೆ ಗೊತ್ತಿಲ್ಲ, ನನ್ನ ಟ್ಯಾಬ್ ಮನೆಯಲ್ಲಿ ದೊಡ್ಡಮ್ಮನ ಹತ್ತಿರ ಇರ್ತದೆ," ಎಂದರು. ದೊಡ್ಡಮ್ಮ ಯಾರೆಂದರೆ ಲಿಲ್ಲಿ ಬಾಯಿ, ಕ್ರೈಸ್ತರು, ಸರಕಾರದ ಹೆರಿಗೆ ನರ್ಸಾಗಿದ್ದು ನಿವೃತ್ತರಾದವರು.

ಕಾರ್ಕಳದ ಬಸ್ಸು ಮಣಿಪಾಲ, ಹಿರಿಯಡಕ ದಾಟಿ ಹೋಗುವಷ್ಟು ಹೊತ್ತೂ ಮಳೆ ಬಿಡಲಿಲ್ಲ. ಬಸವರಾಜ ಕಿಟಕಿಯ ಪರದೆ ಕೆಳಗೆಳೆದು, ಅದರ ಸಂದಿಯಿಂದ ಬಂದ ನೀರಲ್ಲಿ ಅರ್ಧ ನೆನೆದು ಕೂತಿದ್ದ. ಬರೆದವರು ಮನುಷ್ಯರೆಂದು ಗೊತ್ತಾದ ಮೇಲೂ ಅವನು ಸೊಂಟದ ತಾಯಿತ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಾರ್ಕಳದಲ್ಲಿ ಅವರ ಮನೆ ತಲುಪಿದಾಗ ಹನ್ನೆರಡು ದಾಟಿತ್ತು. ಲಿಲ್ಲಿ ಬಾಯಿ ಕೋಲೂರಿಕೊಂಡು ತಾವೇ ಬಾಗಿಲು ತೆಗೆದರು. ಒಳಗೆ ಮೇಜಿನ ಮೇಲೆ ಟ್ಯಾಬು ಬೆಳಗುತ್ತಿತ್ತು. ಪರದೆಯಲ್ಲಿ ನನ್ನದೇ ನಿಧನ ಪುಟ.

"ಆಸ್ಪತ್ರೆ ಅಭ್ಯಾಸ ಮಗಳೇ, ಹನ್ನೊಂದೂವರೆಗೆ ಊಟ. ಮತ್ತೆ ಇದನ್ನು ಓದ್ತೇನೆ," ಎಂದರು.

ನಾನು ಬಂದ ಕಾರಣ ಹೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

"ಹೌದು, ನಾನೇ ಬರೆದದ್ದು. ನೀವು ಹಾಕುವ ಲೆಕ್ಕ ತಪ್ಪು ಅಲ್ವಾ? ಆ ಹೆಂಗಸರು ಒಂಬತ್ತು ತಿಂಗಳು ಹೊತ್ತದ್ದು ನನಗೆ ಗೊತ್ತುಂಟು. ನನ್ನ ಕೈಯಲ್ಲೇ ಹೋದ ಮಕ್ಕಳು. ಇಷ್ಟು ದಿನ ಆಗದೆ ನಿಮ್ಮವರು ಹೆಸರು ಇಡುವುದಿಲ್ಲ. ಹೆಸರೇ ಇಲ್ಲದೆ ಕಳಿಸುವುದು ಹೇಗೆ? ಒರೆಸಿ ಬಟ್ಟೆ ಸುತ್ತುವಾಗ ನಾನೇ ಕಿವಿಯಲ್ಲಿ ಒಂದು ಹೆಸರು ಹೇಳ್ತಿದ್ದೆ. ನಿಮ್ಮವರ ಹೆಸರೇ, ನಮ್ಮದಲ್ಲ."

ಅವರು ಬೆರಳು ಮಡಚಿ ಏಳು ಹೆಸರು ಹೇಳಿದರು. ಜಲಜ, ಸುಂದರ, ಕುಸುಮ, ಹೀಗೆ. ಒಂದೊಂದು ಹೆಸರಿಗೂ ಒಂದೊಂದು ಮನೆ, ಒಂದೊಂದು ಹೊತ್ತು. ಆಚೆ ಅಂಗಳದಲ್ಲಿ ಯಾರೂ ಇರಲಿಲ್ಲ. ಆದರೂ ಬಸವರಾಜ ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದ.

"ಒಂದು ಮಾತ್ರ ನನಗೆ ಅರ್ಥ ಆಗುವುದಿಲ್ಲ," ಎಂದರು ಬಾಯಿ. "ಬರೆದದ್ದು ಮರುದಿನ ನೋಡಿದರೆ ಇರುವುದಿಲ್ಲ. ಬರೆದದ್ದು ಹೌದಾ, ಬರೆದೆ ಅಂತ ಗ್ರಹಿಸಿದ್ದಾ? ತಲೆ ಮರೆಯಲಿಕ್ಕೆ ಶುರುವಾಯ್ತಾ ಅಂತ ನನಗೇ ಹೆದರಿಕೆ ಆಗಿದೆ."

ಆಗಲೂ ನಾನು ಮಾತು ತಿರುಗಿಸಿದೆ. ಎಲ್ಲೂರಿನ ಮನೆಯ ಹೆಸರು ಹೇಳಿ, ಅದನ್ನೂ ನೀವೇ ಬರೆದದ್ದಲ್ಲವೇ ಎಂದು ಕೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು.

"ಅದು ನನ್ನದಲ್ಲ. ಅವಳ ಮತ್ತಿನ ಎರಡು ಹೆರಿಗೆ ನಾನೇ ಮಾಡಿಸಿದ್ದು, ಮೊದಲ ಬಾಣಂತನ ತಾಯಿಮನೆಯಲ್ಲಿ ಆದದ್ದು, ಮುಲ್ಕಿ ಕಡೆ. ಅಲ್ಲಿ ಎಂತ ಆಯ್ತು ನನಗೆ ಗೊತ್ತಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಎಣಿಸಿದೆ. ಅಳಿಸಿದ್ದು ಒಂಬತ್ತು. ಬಾಯಿಯದ್ದು ಏಳು. ಎಲ್ಲರ ಹೆಸರೂ 'ಓದುಗರು' ಎಂದೇ ಇದ್ದದ್ದರಿಂದ ಒಬ್ಬರೇ ಬರೆಯುತ್ತಿದ್ದಾರೆಂದು ನಾನು ನಂಬಿಬಿಟ್ಟಿದ್ದೆ. ಉಳಿದ ಎರಡರಲ್ಲಿ ಒಂದು ನಮ್ಮ ಕಾಪುವಿನದ್ದೇ ಒಂದು ಮನೆಯದ್ದು. ಅದನ್ನು ಬರೆದವರು ಯಾರೆಂದು ಇಂದಿಗೂ ತಿಳಿದಿಲ್ಲ. ಆ ಮನೆಯಲ್ಲಿ ಫೋನ್ ಬಳಸುವವರು ಯಾರೂ ಇರಲಿಲ್ಲ. ಅದನ್ನು ಕೆದಕಲು ನಾನು ಹೋಗಿಲ್ಲ. ಎಲ್ಲೂರಿಗೆ ಮಾತ್ರ ಹೋಗದೆ ಉಪಾಯವಿರಲಿಲ್ಲ.

ನಾನು ಹೋದ ದಿನ ಆ ಮನೆಯಲ್ಲಿ ಗೆಲುವಿತ್ತು. ಸಂತೋಷ್ ಅಂಗಳಕ್ಕೇ ಬಂದು ಕೊಡೆ ಹಿಡಿದ. "ಎಲ್ಲ ಸರಿಯಾಯ್ತು. ಅಮ್ಮ ಎದ್ದು ಮಾತಾಡಿದರು, ಎಂತದೂ ಇಲ್ಲ ಅಂದರು. ಗಂಡಿನ ಕಡೆಯವರೂ ಒಪ್ಪಿದರು. ಬಂದದ್ದು ತನ್ನಷ್ಟಕ್ಕೇ ಹೋಯ್ತಲ್ಲ, ಹಾಗಾದರೆ ಅಲ್ಲಿ ಏನೂ ಬಾಕಿ ಇಲ್ಲ ಅಂತ ಅರ್ಥ ಅಂದರು." ಚಹಾ ಕುಡಿದು ಹಿಂದೆ ಬರಬಹುದಿತ್ತು. ಕುಡಿದು ಲೋಟ ಇಡಲು ಒಳಗೆ ಹೋದೆ. ಅಡುಗೆಕೋಣೆಯಲ್ಲಿ ಅವನ ತಾಯಿ ಗಿರಿಜಕ್ಕ ಒಬ್ಬರೇ ಮಣೆಯ ಮೇಲೆ ಕೂತು ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದರು.

"ಬರೆದವರು ಸಿಗಲಿಲ್ಲ ಅಕ್ಕ," ಎಂದೆ.

ಅವರು ತಲೆಯೆತ್ತದೆ ತುಳುವಿನಲ್ಲಿ ಮೆಲ್ಲಗೆ ಹೇಳಿದರು. "ಹುಡುಕಬೇಡ. ನಾನೇ ಬರೆದದ್ದು."

ಹೆರಿಗೆಯಾದಾಗ ಗಂಡ ಮುಂಬೈಯಲ್ಲಿದ್ದರಂತೆ. ಮಗು ಒಂದು ಹಗಲು ಇತ್ತು. ಹುಟ್ಟುವಾಗಲೇ ಜೀವವಿರಲಿಲ್ಲ ಎಂದು ಹಿರಿಯರು ಕಾಗದ ಬರೆಸಿದರು. ಒಂದು ಹಗಲಿನದ್ದು ಲೆಕ್ಕಕ್ಕಿಲ್ಲ, ಇನ್ನು ಬಾಯಿ ಬಿಡಬೇಡ ಎಂದರು. ಇಪ್ಪತ್ತೊಂಬತ್ತು ವರ್ಷ ಬಿಡಲಿಲ್ಲ. ಗಂಡ ಹೋದ ಮೇಲೆ ಫೋನಿನಲ್ಲಿ ನಿಧನ ಪುಟ ನೋಡುವಾಗ ಯಾರದೋ ಸಾಲಿನ ಪಕ್ಕದಲ್ಲಿ ಲಿಲ್ಲಿ ಬಾಯಿ ಬರೆದಂಥ ಒಂದು ಟಿಪ್ಪಣಿ ಕಂಡಿತು. ಹೀಗೂ ಬರೆಯಬಹುದು ಎಂದು ಆಗ ಗೊತ್ತಾಯಿತು. ಎರಡು ಸಾಲು ಬರೆಯಲು ಅವರಿಗೆ ಅರ್ಧ ಗಂಟೆ ಹಿಡಿದಿತ್ತು.

"ಒಂದು ದಿನ ಇತ್ತು. ನಾನು ತೆಗೆದು ತೆಗೆದು ನೋಡಿದೆ. ಮರುದಿನ ಇಲ್ಲ." ಅವರ ಕೈ ನಿಂತಿತು. "ಅವಳೇ ಅಳಿಸಿದ್ದು. ಇಷ್ಟು ವರ್ಷ ಬಾಯಿ ಮುಚ್ಚಿ ಕೂತ ತಾಯಿ ಈಗ ಎಂತಕ್ಕೆ ಬಂದಳು ಅಂತ ಕೋಪ ಬಂದಿರಬೇಕು. ಅವಳಿಗೆ ನಾನು ಬೇಡ. ಹಾಗಾಗಿ ಎಂತದೂ ಇಲ್ಲ ಅಂದುಬಿಟ್ಟೆ."

ಹೊರಗೆ ಸಂತೋಷ್ ಫೋನಿನಲ್ಲಿ ಯಾರಿಗೋ ಮದುವೆ ಹಾಲ್ ಬುಕಿಂಗಿನ ಬಗ್ಗೆ ಹೇಳುತ್ತಾ ನಗುತ್ತಿದ್ದ. ನಾನು ಸುಮ್ಮನಿದ್ದರೆ ಮದುವೆ ನಡೆಯುತ್ತಿತ್ತು. ಬಾಯಿ ಬಿಟ್ಟರೆ ಎಲ್ಲ ಮತ್ತೆ ಮೊದಲಿಗೇ ಬರುತ್ತಿತ್ತು. ಹೇಗೆ ಹೇಳಿದೆನೋ ನನಗೇ ಗೊತ್ತಿಲ್ಲ.

"ಅಕ್ಕ, ಅಳಿಸಿದ್ದು ನಾನು."

"ಎಂತ?"

"ಅಂಥದ್ದು ಬಂದರೆ ಅಳಿಸಬೇಕು ಅಂತ ನಮ್ಮ ಆಫೀಸಿನಲ್ಲಿ ಹೇಳಿದ್ದರು. ಬೆಳಿಗ್ಗೆ ಬಂದು ನಾನು ಒತ್ತಿದೆ. ಅವಳಲ್ಲ."

ಗಿರಿಜಕ್ಕ ನನ್ನ ಮುಖವನ್ನು ನೋಡಿದರು. "ಅವಳು ಅಲ್ವಾ?"

"ಅಲ್ಲ."

"ಅವಳಿಗೆ ಕೋಪ ಇಲ್ವಾ?"

ಅವರು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಸದ್ದು ಹೊರಬಾರದಂತೆ ಅಳಲು ಕಲಿತವರ ಅಳು. ನನಗೆ ಅಲ್ಲೇ ನೆಲಕ್ಕೆ ಇಳಿದುಹೋದರೆ ಸಾಕೆನಿಸಿತ್ತು. ಆಗ ನೋಡಿದರೆ ಬಾಗಿಲಲ್ಲಿ ಮದುಮಗಳು ಅಶ್ವಿನಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದು ತಾಯಿಯ ಪಕ್ಕ ಕೂತು ಫೋನಿನಲ್ಲಿ ತಂದೆಯ ಪುಟ ತೆರೆದಳು. 'ಓರ್ವ ಪುತ್ರಿ' ಎಂಬಲ್ಲಿ ಬೆರಳಿಟ್ಟು ಎಳೆದಳು. ತನ್ನ ಇಮೇಲ್ ಕೊಟ್ಟು, ಹೆಸರು ಕಾಣುವ ಹಾಗೆ ಬರೆದಳು. "ನನಗೆ ಒಬ್ಬಳು ಅಕ್ಕ ಇದ್ದಾಳೆ."

"ಗಂಡಿನವರು ನೋಡ್ತಾರೆ ಮಗಾ," ಎಂದರು ಗಿರಿಜಕ್ಕ.

"ನೋಡಲಿ ಅಮ್ಮ."

ಅವರು ನೋಡಿದರು. ಸಂತೋಷ್ ಎರಡು ದಿನ ತಂಗಿಯ ಜೊತೆ ಮಾತು ಬಿಟ್ಟ. ಗಂಡಿನ ಕಡೆಯಿಂದ ಮೂರನೆಯ ದಿನ ಒಬ್ಬ ಹಿರಿಯರು ಬಂದು, ಮುಚ್ಚಿಡದೆ ಹೇಳಿದಿರಲ್ಲ, ಅಷ್ಟು ಸಾಕು, ದೊಡ್ಡವಳದ್ದು ಆಗಲಿ, ಆಮೇಲೆ ಚಿಕ್ಕವಳದ್ದು ಎಂದರು. ದೊಡ್ಡವಳಿಗೆ ಹಿರಿಯಡಕದ ಕಡೆ ಒಬ್ಬ ಗಂಡು ಸಿಕ್ಕಿದ, ಎಂಟು ತಿಂಗಳಿಗೆ ತೀರಿಹೋದವನು. ನಾನು ಕಾರ್ಕಳಕ್ಕೆ ಇನ್ನೊಮ್ಮೆ ಹೋಗಿ ಲಿಲ್ಲಿ ಬಾಯಿಗೂ ನಿಜ ಹೇಳಿ ಬಂದೆ. ಅವರು ಚೆನ್ನಾಗಿ ಬೈದರು. ತಲೆ ಸರಿ ಇದೆಯೆಂದು ಗೊತ್ತಾದ ಸಂತೋಷಕ್ಕೆ ಆಮೇಲೆ ಒಂದು ಬಾಳೆಹಣ್ಣು ಕೊಟ್ಟರು.

ಆಟಿಯ ನಡುವೆ ಒಂದು ದಿನ ಗಿರಿಜಕ್ಕ ಫೋನ್ ಮಾಡಿ ಕರೆದರು. ಹೋದೆ. ಹಗಲಲ್ಲೇ ಲೈಟು ಹಾಕಬೇಕಾದಷ್ಟು ಮೋಡ. ಚಾವಡಿಯಲ್ಲಿ ಚಾಪೆ ಹಾಸಿ ಮದುವೆಯ ಸಾಮಾನು ಹರಡಿದ್ದರು. ಹಸಿರು ಸೀರೆ, ಕರಿಮಣಿ, ಕಾಗದದಲ್ಲಿ ಸುತ್ತಿದ ಎರಡು ಕಟ್ಟು ಗಾಜಿನ ಬಳೆ. ಒಂದು ಎರಡು-ನಾಲ್ಕರ ಅಳತೆ, ಇನ್ನೊಂದು ಎರಡು-ಆರರದ್ದು.

"ಯಾವುದು ಆಗ್ತದೆ ಅಂತ ಗೊತ್ತಾಗ್ಲಿಲ್ಲ," ಎಂದರು. "ಅಶ್ವಿನಿಯದ್ದು ತೀರಾ ಸಣ್ಣ ಕೈ. ನಿನಗೆ ಪ್ರಾಯ ಎಷ್ಟಾಯ್ತು?"

"ಇಪ್ಪತ್ತೊಂಬತ್ತು."

"ಅವಳಿಗೂ ಅಷ್ಟೇ. ಕೈ ಕೊಡು."

ಮದುವೆಯಾಗದ ಹೆಣ್ಣು ಕುಲೆಯ ಬಳೆಯನ್ನು ಕೈಗೆ ಏರಿಸಿಕೊಳ್ಳುವುದುಂಟೇ? ನನ್ನ ಅಮ್ಮನಿಗೆ ಗೊತ್ತಾದರೆ ನನ್ನನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಎದ್ದು ಅಂಗಳಕ್ಕೆ ಓಡಿಬಿಡೋಣ ಅನ್ನಿಸಿತು. ಆದರೆ ನನಗೆ ಇಲ್ಲ ಎನ್ನುವ ಬಾಯಿ ಇರಲಿಲ್ಲ, ಕೈ ಚಾಚಿದೆ. ಎರಡು-ಆರರ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು. ಸರಿಯಾಗಿತ್ತು. ಗಿರಿಜಕ್ಕ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಸವರುತ್ತಾ ಬಹಳ ಹೊತ್ತು ಕೂತಿದ್ದರು. ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ.